ಮೊದಲ ಸಾಲನ್ನು ಇಲ್ಲಿಯೇ ಬರೆದು ಹೋಗಿ

ತಿಪಟೂರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದು, ಹಿಂದಿನ ವರ್ಷ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿದಾಗ, ಎಲ್ಲ ಶಾಲೆಗಳಲ್ಲಿ ಆದಂತೆ ನಮ್ಮಲ್ಲಿಯೂ ಹೊಸ ಶೈಕ್ಷಣಿಕ ವರ್ಷದ ಮೊದಲ ದಿನಗಳಿಂದಲೇ ಮುಂದಿನ ಮಾರ್ಚಿನ ಮಾತು ಶುರುವಾಯಿತು. ಹತ್ತನೇ ತರಗತಿಯ ಮಕ್ಕಳನ್ನು ಶಿಕ್ಷಕರಿಗೆ ದತ್ತು ಹಂಚುವಾಗ ನನ್ನ ಪಾಲಿಗೆ ಬಂದವರು ತೀರಾ ಹಿಂದುಳಿದ ಮಕ್ಕಳಲ್ಲ. ಅವರಿಗೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕಲಿಸುವ ‘ಪಾಸಿಂಗ್ ಪ್ಯಾಕೇಜ್’ ಎಂಬ ಬೇರೆಯೇ ಏರ್ಪಾಡು ಇರುತ್ತದೆ. ನನಗೆ ಸಿಕ್ಕಿದ್ದು ನಮ್ಮ ಸ್ಟಾಫ್ ರೂಮಿನ ಭಾಷೆಯಲ್ಲಿ ‘ತಲೆ ಇದೆ, ಆದರೆ ಕೂರೋದಿಲ್ಲ’ ಎನ್ನುವ ಗುಂಪು. ಪಾಠ ಕೇಳುವಾಗ ಕಣ್ಣರಳಿಸುವ, ಬಾಯಿಲೆಕ್ಕದಲ್ಲಿ ಚುರುಕಾಗಿರುವ, ಆದರೆ ಕೊಟ್ಟ ಕೆಲಸವನ್ನು ಕೊಟ್ಟ ದಿನ ಎಂದೂ ತಾರದ ಹುಡುಗ ಹುಡುಗಿಯರು. ಕೆಲಸವನ್ನು ನಾಳೆಗೆ ಮುಂದೂಡುವ ಅವರ ಈ ಅಭ್ಯಾಸವನ್ನು ಬಿಡಿಸಲು ಆ ವರ್ಷದ ಜೂನ್‌ನಿಂದ ಮಾರ್ಚ್‌ವರೆಗೆ ಅವರೊಂದಿಗೆ ನಡೆಸಿದ ಪ್ರಯತ್ನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಂದೂಡುವುದಕ್ಕೆ ಈ ಮಕ್ಕಳ ಬಳಿ ಕಾರಣಗಳಿಗೆ ಬರವಿರಲಿಲ್ಲ. ‘ನಾಳೆ ಗ್ಯಾರಂಟಿ ತರ್ತೀನಿ ಮಿಸ್’ ಎಂಬುದು ನಿತ್ಯದ ಮಾತು. ‘ಭಾನುವಾರ ಒಂದೇ ಸಲಕ್ಕೆ ಕೂತು ಎಲ್ಲಾ ಮುಗಿಸ್ತೀನಿ’ ಎಂಬುದು ವಾರದ ಮಾತು, ‘ದಸರಾ ರಜೆ ಇದೆಯಲ್ಲ’ ಎಂಬುದು ವರ್ಷಾರ್ಧದ ಮಾತು. ಇವುಗಳ ಜೊತೆಗೆ ಆ ಸಾಲಿನಿಂದ ಇನ್ನೊಂದು ಹೊಸದಾಗಿ ಸೇರಿಕೊಂಡಿತು. ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ 2024ರಲ್ಲಿ ಜಾರಿಗೆ ಬಂದಿದ್ದರಿಂದ, ಮಾರ್ಚ್‌ನಲ್ಲಿ ಆಗದಿದ್ದರೆ ಜೂನ್, ಅದೂ ಆಗದಿದ್ದರೆ ಆಗಸ್ಟ್ ಎಂಬ ಲೆಕ್ಕಾಚಾರ ಗಣಿತದ ಬೇರಾವ ಲೆಕ್ಕಕ್ಕಿಂತಲೂ ಬೇಗ ಅವರ ತಲೆಗೆ ಹತ್ತಿತು. ಆ ಪದ್ಧತಿಯನ್ನು ನಾನು ದೂರುತ್ತಿಲ್ಲ; ಒಂದೇ ಪರೀಕ್ಷೆಯ ಮೇಲೆ ಬದುಕೇ ನಿಂತಿದೆಯೆಂಬ ಭಯ ತಗ್ಗಿದ್ದು ಒಳ್ಳೆಯದೇ. ಆದರೆ ಇವರು ಕೋವಿಡ್ ಕಾಲದಲ್ಲಿ ಐದು, ಆರನೇ ತರಗತಿಯಲ್ಲಿದ್ದವರು. ಶಾಲೆ ಮುಚ್ಚಿದ್ದನ್ನು, ಪರೀಕ್ಷೆಯಿಲ್ಲದೆ ಮೇಲಿನ ತರಗತಿಗೆ ಹೋದದ್ದನ್ನು, ಅಕ್ಕ ಅಣ್ಣಂದಿರ ಎಸ್‌ಎಸ್‌ಎಲ್‌ಸಿ 2020ರಲ್ಲಿ ಜೂನ್ ಕೊನೆಗೆ ಹೋದದ್ದನ್ನು, 2021ರಲ್ಲಿ ಎರಡೇ ದಿನಗಳ ಬಹು ಆಯ್ಕೆ ಪರೀಕ್ಷೆಯಾಗಿ ಮುಗಿದದ್ದನ್ನು ಕಣ್ಣಾರೆ ಕಂಡವರು. ಗಡುವು ಎಂಬುದು ಎಳೆದರೆ ಹಿಗ್ಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಶಾಲೆಯ ಗೋಡೆಯ ಮೇಲೆ ‘ಆಲಸ್ಯಂ ಅಮೃತಂ ವಿಷಂ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿದೆ. ಅದರ ಕೆಳಗೇ ಕೂತು ಮಕ್ಕಳು ಹಿಂದಿನ ದಿನದ ಮನೆಗೆಲಸವನ್ನು ಒಬ್ಬರಿಂದೊಬ್ಬರು ನಕಲು ಮಾಡುತ್ತಾರೆ. ಬೈಗುಳಕ್ಕೆ ಸಿಗುವ ಫಲವೂ ಹೆಚ್ಚುಕಡಿಮೆ ಅಷ್ಟೇ. ಬುದ್ಧಿಮಾತು, ಬೈಗುಳ ಬಿಟ್ಟರೆ ನಮ್ಮ ಎರಡನೆಯ ಮದ್ದು ವೇಳಾಪಟ್ಟಿ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಬಣ್ಣಬಣ್ಣದ ಚೌಕಗಳಲ್ಲಿ ಬರೆದು ಗೋಡೆಗೆ ಅಂಟಿಸುವ ವೇಳಾಪಟ್ಟಿ ನಮ್ಮ ಭಾಗದ ಬಹುಪಾಲು ಮನೆಗಳಲ್ಲಿ ಒಂದು ವಾರ ಬದುಕುವುದಿಲ್ಲ. ತೆಂಗಿನ ತೋಟವಿರುವ ಮನೆಯಲ್ಲಿ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಆಗ ಮೋಟಾರ್ ಹಾಕಲು ಮಗ ಓಡಬೇಕು. ಕಾಯಿ ಸುಲಿಯುವವರು ಬಂದ ದಿನ ಹುಡುಗಿ ಅಡುಗೆಮನೆಯಲ್ಲಿರುತ್ತಾಳೆ. ನವೆಂಬರ್ ಹೊತ್ತಿಗೆ ರಾಗಿ ಕೊಯ್ಲು. ಏಳು ಗಂಟೆಗೆ ಗಣಿತ ಎಂದು ಬರೆದಿದ್ದು ಏಳೂವರೆಗೆ ಜಾರಿತೆಂದರೆ ಮಗು ಅರ್ಧ ಗಂಟೆ ಕಳೆದುಕೊಂಡಂತೆ ಕಾಣುವುದಿಲ್ಲ. ಅವತ್ತಿನ ದಿನವೇ ಕೆಟ್ಟಿತು, ಇನ್ನು ನಾಳೆಯಿಂದ ಸರಿಯಾಗಿ ಶುರುಮಾಡೋಣ ಎಂದುಕೊಳ್ಳುತ್ತದೆ. ಹೀಗೆ ಮುಂದೂಡುವಿಕೆಯನ್ನು ತಡೆಯಲು ತಂದ ವೇಳಾಪಟ್ಟಿಯೇ ಮುಂದೂಡಲು ಒಪ್ಪವಾದ ನೆಪ ಒದಗಿಸುತ್ತದೆ.

ಜುಲೈ ತಿಂಗಳಲ್ಲಿ ನಾನು ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ ಒಂದೇ ಪ್ರಶ್ನೆಗೆ ಉತ್ತರಿಸಲು ಹೇಳಿದೆ. ನಿನ್ನೆ ಸಂಜೆ ಗಣಿತದ ಪುಸ್ತಕ ತೆಗೆಯಬೇಕೆಂದು ನೆನಪಾದ ಕ್ಷಣದಲ್ಲಿ ಮನಸ್ಸಿಗೆ ಏನನ್ನಿಸಿತು ಎಂಬುದು ಪ್ರಶ್ನೆ. ಏಕೆ ಮಾಡಲಿಲ್ಲ ಎಂದು ಕೇಳಿದ್ದರೆ ಕರೆಂಟ್ ಇರಲಿಲ್ಲ, ನೆಂಟರು ಬಂದಿದ್ದರು ಎಂಬ ಉತ್ತರಗಳೇ ಬರುತ್ತಿದ್ದವು. ಕ್ಷಣದ ಬಗ್ಗೆ ಕೇಳಿದ್ದರಿಂದ ಬೇರೆಯೇ ಉತ್ತರಗಳು ಬಂದವು. ‘ಎದೆ ಭಾರ ಆಯ್ತು.’ ‘ತೆಗೆದ್ರೆ ಬರಲ್ಲ ಅಂತ ಗೊತ್ತಾಗುತ್ತೆ, ತೆಗೀದೆ ಇದ್ರೆ ಬರುತ್ತೆ ಅಂತ ಅನ್ಕೋಬಹುದು.’ ‘ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗ್ಲಿಲ್ಲ.’ ‘ಏನೂ ಅನ್ನಿಸ್ಲಿಲ್ಲ, ಫೋನ್ ಕೈಯಲ್ಲಿತ್ತು.’ ಎರಡನೆಯ ಚೀಟಿಯನ್ನು ನಾನು ಬಹಳ ಹೊತ್ತು ಕೈಯಲ್ಲಿಟ್ಟುಕೊಂಡು ಕೂತಿದ್ದೆ. ಹದಿನೈದು ವರ್ಷದ ಒಂದು ಮಗು ತನ್ನ ಸಮಸ್ಯೆಯನ್ನು ಅಷ್ಟು ನಿಚ್ಚಳವಾಗಿ ಬರೆದಿರುವಾಗ ಅದನ್ನು ಸೋಮಾರಿತನ ಎಂದು ಕರೆಯಲು ಬಾಯಿ ಬರುವುದಿಲ್ಲ.

ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಹೇಳುವುದೂ ಇದನ್ನೇ. ಫ್ಯೂಷಿಯಾ ಸಿರೊಯಿಸ್ ಮತ್ತು ತಿಮೋತಿ ಪಿಚಿಲ್ ಎಂಬ ಮನೋವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮುಂದೂಡುವುದು ಸಮಯ ನಿರ್ವಹಣೆಯ ಕೊರತೆಗಿಂತ ಹೆಚ್ಚಾಗಿ ಆ ಹೊತ್ತಿನ ಮನಸ್ಥಿತಿಯನ್ನು ಸರಿಪಡಿಸಿಕೊಳ್ಳುವ ಒಂದು ಬಗೆ ಎಂದು ವಾದಿಸಿದ್ದಾರೆ. ಕೆಲಸ ನೆನಪಾದೊಡನೆ ಕಸಿವಿಸಿಯಾಗುತ್ತದೆ, ಅದನ್ನು ಪಕ್ಕಕ್ಕಿಟ್ಟೊಡನೆ ಹಗುರವಾಗುತ್ತದೆ. ಆ ಹಗುರವೇ ಬಹುಮಾನವಾಗಿ, ಮುಂದಿನ ಸಲ ಇನ್ನೂ ಬೇಗ ಪಕ್ಕಕ್ಕಿಡುವ ಅಭ್ಯಾಸ ಬೆಳೆಯುತ್ತದೆ. ಇದಕ್ಕೂ ಮೊದಲು, 2007ರಲ್ಲಿ, ಪಿಯರ್ಸ್ ಸ್ಟೀಲ್ ಎಂಬಾತ ಅದುವರೆಗಿನ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ, ಕೆಲಸ ಹಿಡಿಸದಿರುವುದು, ಅದರ ಫಲ ದೂರದಲ್ಲಿರುವುದು, ತನ್ನಿಂದ ಆಗುತ್ತದೆಂಬ ನಂಬಿಕೆ ಕಡಿಮೆಯಿರುವುದು, ಆ ಕ್ಷಣದ ಸೆಳೆತಕ್ಕೆ ಬೇಗ ಒಲಿಯುವ ಸ್ವಭಾವ ಇವುಗಳೇ ಮುಂದೂಡುವಿಕೆಯ ಜೊತೆ ಗಟ್ಟಿಯಾಗಿ ತಳಕು ಹಾಕಿಕೊಂಡಿವೆ ಎಂದು ತೋರಿಸಿದ್ದ. ನಮ್ಮ ಹತ್ತನೇ ತರಗತಿಯ ಗಣಿತವನ್ನು ಈ ನಾಲ್ಕರ ಎದುರಿಗೆ ಇಟ್ಟು ನೋಡಿ, ಒಂದೂ ಬಿಟ್ಟುಹೋಗುವುದಿಲ್ಲ.

ಮುಂದೂಡುವಿಕೆ ಎಂದೊಡನೆ ಕೈಕಟ್ಟಿ ಕುಳಿತ ಮಗು ಕಣ್ಣ ಮುಂದೆ ಬರುತ್ತದೆ. ಅದು ಹಾಗಿರಬೇಕೆಂದೇನೂ ಇಲ್ಲ. ಆಂತರಿಕ ಮೌಲ್ಯಮಾಪನಕ್ಕೆಂದು ಸಂಖ್ಯಾಶಾಸ್ತ್ರದ ಒಂದು ಚಟುವಟಿಕೆ ಕೊಟ್ಟಿದ್ದೆ; ಊರಿನ ಮನೆಗಳಲ್ಲಿ ಒಂದು ತಿಂಗಳ ವಿದ್ಯುತ್ ಬಳಕೆಯ ಯೂನಿಟ್‌ಗಳನ್ನು ಕೇಳಿ ಬಂದು, ವರ್ಗಾಂತರಗಳಾಗಿ ಜೋಡಿಸಿ ಸರಾಸರಿ ಮತ್ತು ಮಧ್ಯಾಂಕ ತೆಗೆಯಬೇಕಿತ್ತು. ಒಬ್ಬ ಹುಡುಗ ತಂದ ಪುಸ್ತಕದ ಮೊದಲ ಪುಟದಲ್ಲಿ ಮೂರು ಬಣ್ಣದ ಸ್ಕೆಚ್ ಪೆನ್ನಿನ ಅಂಚು, ಅಂಚಿನ ನಾಲ್ಕು ಮೂಲೆಗಳಲ್ಲಿ ಮಾವಿನಕಾಯಿ ಚಿತ್ತಾರ, ನಡುವೆ ನೆರಳು ಬಿಡಿಸಿದ ಅಕ್ಷರಗಳಲ್ಲಿ ‘ಗಣಿತ ಯೋಜನಾ ವರದಿ’ ಎಂಬ ಶೀರ್ಷಿಕೆ, ಅದರ ಕೆಳಗೆ ಶಾಲೆಯ ಹೆಸರು, ತನ್ನ ಹೆಸರು, ನನ್ನ ಹೆಸರು. ಒಳಗಿನ ಪುಟಗಳಿಗೆಲ್ಲ ಎರಡೆರಡು ಗೆರೆಯ ಅಂಚು ಎಳೆದಾಗಿತ್ತು. ಯೂನಿಟ್‌ಗಳ ಪಟ್ಟಿ ಇರಬೇಕಾದ ಕಡೆ ‘ಕ್ರ.ಸಂ., ಮನೆಯ ಯಜಮಾನರ ಹೆಸರು, ಬಳಸಿದ ಯೂನಿಟ್’ ಎಂಬ ಮೂರು ತಲೆಬರಹಗಳಿದ್ದವು. ಅವುಗಳ ಕೆಳಗೆ ಒಂದೂ ಮನೆ ಇರಲಿಲ್ಲ. ಆ ಅಂಚುಗಳಿಗೆ ಅವನು ಎರಡು ಸಂಜೆ ಕೊಟ್ಟಿದ್ದನಂತೆ. ನಾಲ್ಕು ಮನೆಗಳ ಬಾಗಿಲಿಗೆ ಹೋಗಿ ಕರೆಂಟ್ ಬಿಲ್ ತೋರಿಸಿ ಎಂದು ಕೇಳುವ ಸಂಕೋಚವನ್ನು ಅವನು ಬಣ್ಣದ ಕೆಳಗೆ ಮುಚ್ಚಿಟ್ಟಿದ್ದ. ಆತನನ್ನು ದಂಡಿಸಲು ಕಾರಣವೇ ಇರಲಿಲ್ಲ. ಮೊದಲ ಮನೆ ನಿನ್ನದೇ ಆಗಲಿ, ಎರಡನೆಯದು ನಿನ್ನ ಪಕ್ಕದಲ್ಲಿ ಕೂರುವವನದು ಎಂದು ಹೇಳಿ, ಆ ಎರಡು ಸಾಲುಗಳನ್ನು ಅಲ್ಲೇ ತುಂಬಿಸಿದೆ. ಮೂರನೆಯ ಮನೆಗೆ ಅವರಿಬ್ಬರೂ ಜೊತೆಯಾಗಿ ಹೋದರು.

ಇನ್ನೊಬ್ಬಳು ಇದಕ್ಕೆ ತದ್ವಿರುದ್ಧ. ಥೇಲ್ಸ್‌ನ ಪ್ರಮೇಯ ಬರೆದು ತರಲು ಹೇಳಿದರೆ ಖಾಲಿ ಪುಸ್ತಕ ತರುತ್ತಿದ್ದಳು; ಪುಸ್ತಕ ಮಾತ್ರ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿತ್ತು. ತ್ರಿಭುಜ ಸ್ವಲ್ಪ ವಾಲಿದರೆ, ಒಂದು ಕಡೆ ಹೊಡೆದು ಬರೆಯಬೇಕಾಗಿ ಬಂದರೆ ಹಾಳೆಯನ್ನೇ ಹರಿದು ಹಾಕುತ್ತಿದ್ದಳು. ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಂಬಲಕ್ಕೂ ಮುಂದೂಡುವಿಕೆಗೂ ಹೇಳಿಕೊಳ್ಳುವಂಥ ನಂಟಿಲ್ಲ ಎಂಬುದು ಸ್ಟೀಲ್‌ನ ತೀರ್ಮಾನಗಳಲ್ಲಿ ಒಂದು. ಸಾವಿರಾರು ಜನರ ಲೆಕ್ಕದಲ್ಲಿ ಅದು ನಿಜವಿರಬಹುದು. ನನ್ನ ಎದುರಿಗಿದ್ದ ಈ ಹುಡುಗಿಯ ಲೆಕ್ಕದಲ್ಲಿ ಅದು ನಿಜವಾಗಿರಲಿಲ್ಲ. ಅವಳಿಗೆ ಮಾತ್ರ ಒಂದು ನಿಯಮ ಮಾಡಿದೆ. ಪ್ರಮೇಯವನ್ನು ಮೊದಲು ಪೆನ್ನಿನಲ್ಲಿ, ಸ್ಕೇಲ್ ಇಲ್ಲದೆ, ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆಯಬೇಕು. ಆ ಹಾಳೆಯನ್ನು ನಾನು ನೋಡುತ್ತೇನೆ, ಪುಸ್ತಕವನ್ನು ಕೇಳುವುದಿಲ್ಲ. ವಕ್ರವಾದ ತ್ರಿಭುಜವನ್ನು ನೋಡಿ ಟೀಚರ್ ಏನೂ ಅನ್ನುವುದಿಲ್ಲವೆಂದು ಅವಳಿಗೆ ನಂಬಿಕೆ ಬರಲು ದಸರಾ ಕಳೆಯಬೇಕಾಯಿತು.

ಚೀಟಿಗಳಿಂದ ಹೊರಟ ಮುಖ್ಯ ಬದಲಾವಣೆಯೆಂದರೆ ಮನೆಗೆಲಸ ಕೊಡುವ ರೀತಿ. ಮೊದಲೆಲ್ಲ ಗಂಟೆ ಬಾರಿಸುವ ಹೊತ್ತಿಗೆ ಬೋರ್ಡಿನ ಮೇಲೆ ಅಭ್ಯಾಸದ ಸಂಖ್ಯೆ ಬರೆದು ಹೋಗುವುದು ರೂಢಿ. ಈಗ ಅವಧಿಯ ಕೊನೆಯ ಹತ್ತು ನಿಮಿಷವನ್ನು ಮನೆಗೆಲಸದ ಮೊದಲ ಸಾಲಿಗೆ ಮೀಸಲಿಟ್ಟೆ. ಪ್ರತಿ ಲೆಕ್ಕದ ಮೊದಲ ಸಾಲನ್ನು ತರಗತಿಯಲ್ಲಿಯೇ, ನನ್ನ ಕಣ್ಣೆದುರೇ ಬರೆದು, ಮುಂದಿನದನ್ನು ಖಾಲಿ ಬಿಟ್ಟು ಮನೆಗೆ ಹೋಗಬೇಕು. ವರ್ಗ ಸಮೀಕರಣದ ಅಧ್ಯಾಯದಲ್ಲಿ ಎಲ್ಲರೂ ಹೆದರುವ ಒಂದು ರೈಲಿನ ಲೆಕ್ಕವಿದೆ. 360 ಕಿಲೋಮೀಟರ್ ದೂರವನ್ನು ಏಕರೂಪ ಜವದಲ್ಲಿ ಕ್ರಮಿಸುವ ರೈಲು, ಗಂಟೆಗೆ 5 ಕಿಲೋಮೀಟರ್ ಹೆಚ್ಚು ಜವದಲ್ಲಿ ಹೋಗಿದ್ದರೆ 1 ಗಂಟೆ ಕಡಿಮೆ ತೆಗೆದುಕೊಳ್ಳುತ್ತಿತ್ತು, ಹಾಗಾದರೆ ಅದರ ಜವವೆಷ್ಟು ಎಂಬುದು. ಮನೆಯಲ್ಲಿ ಒಬ್ಬನೇ ಕೂತ ಮಗುವಿಗೆ ಇದು ಬೆಟ್ಟ. ಆದರೆ ‘ರೈಲಿನ ಜವ ಗಂಟೆಗೆ ಎಕ್ಸ್ ಕಿಲೋಮೀಟರ್ ಆಗಿರಲಿ’ ಎಂದು ಬರೆಯಲು ಯಾವ ಜಾಣತನವೂ ಬೇಕಾಗಿಲ್ಲ. ಅದನ್ನು ಬರೆದವನ ಕೈ ತಾನಾಗಿ ‘ಹೆಚ್ಚಿದ ಜವ ಎಕ್ಸ್ ಪ್ಲಸ್ 5’ ಎಂಬ ಎರಡನೆಯ ಸಾಲಿಗೆ ಹೋಗುತ್ತದೆ. ಕಾಲ ಎಂದರೆ ದೂರವನ್ನು ಜವದಿಂದ ಭಾಗಿಸುವುದು ಎಂದು ನೆನಪಾದರೆ ಮೂರನೆಯದಕ್ಕೂ. ಪ್ರಮೇಯಗಳಿಗಂತೂ ಈ ಕ್ರಮ ಹೇಳಿ ಮಾಡಿಸಿದಂತಿದೆ, ಏಕೆಂದರೆ ನಾವು ಬರೆಯಿಸುವ ಪದ್ಧತಿಯಲ್ಲಿಯೇ ಆಕೃತಿ, ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ಮೆಟ್ಟಿಲುಗಳಿವೆ, ಮತ್ತು ಸಾಧನೆ ಬಾರದವನೂ ಮೊದಲಿನವುಗಳನ್ನು ಬರೆದರೆ ಅರ್ಧರ್ಧ ಅಂಕ ಕೂಡುತ್ತಾ ಹೋಗುತ್ತದೆ. ಇಡೀ ಪ್ರಮೇಯ ಬರೆದು ತಾ ಎಂದರೆ ನಾಳೆಗೆ ಹೋಗುವ ಕೆಲಸ, ಆಕೃತಿ ಮತ್ತು ದತ್ತ ಇಲ್ಲಿಯೇ ಬರೆದು ಹೋಗು ಎಂದರೆ ಇವತ್ತೇ ಅರ್ಧ ದಾರಿ ಬಂದಿರುತ್ತದೆ.

ಹತ್ತು ನಿಮಿಷ ಕಳೆದುಕೊಂಡರೆ ಪಾಠ ಮುಗಿಯುವುದು ಹೇಗೆ ಎಂಬ ಚಿಂತೆ ನನಗೂ ಇತ್ತು, ಮುಖ್ಯ ಶಿಕ್ಷಕರಿಗೂ ಇತ್ತು. ಆದರೆ ಮರುದಿನ ಅವಧಿಯ ಮೊದಲ ಹತ್ತು ನಿಮಿಷ ‘ಯಾರ್ಯಾರು ತಂದಿಲ್ಲ, ಎದ್ದು ನಿಲ್ಲಿ’ ಎಂಬ ವಿಚಾರಣೆಗೆ ಹೋಗುತ್ತಿದ್ದುದು ಉಳಿಯಿತು. ಲೆಕ್ಕ ಸಮವಾಯಿತು.

ಇದಕ್ಕಿಂತ ಹೆಚ್ಚು ಜಗ್ಗಾಟವಾದದ್ದು ಹಳೆಯ ಬಾಕಿಯ ವಿಷಯದಲ್ಲಿ. ಆಗಸ್ಟ್ ಹೊತ್ತಿಗೆ ನನ್ನ ಗುಂಪಿನ ಮಕ್ಕಳ ತಲೆಯ ಮೇಲೆ ಎಲ್ಲ ವಿಷಯಗಳದ್ದೂ ಸೇರಿ ಬರೆಯದೇ ಉಳಿದ ನೋಟ್ಸ್, ಪೂರ್ತಿಯಾಗದ ಚಟುವಟಿಕೆ, ಬಿಡಿಸದ ಅಭ್ಯಾಸಗಳ ಹೊರೆ ಬೆಳೆದಿತ್ತು. ಬಡ್ಡಿಯೇ ಕಟ್ಟಲಾಗದ ರೈತ ಬ್ಯಾಂಕಿನ ಬೀದಿಯಲ್ಲಿ ಹಾಯುವುದನ್ನೇ ಬಿಡುವಂತೆ, ಇವರು ಹೊಸ ಪಾಠದ ಪುಸ್ತಕವನ್ನೂ ತೆರೆಯುತ್ತಿರಲಿಲ್ಲ, ತೆರೆದರೆ ಹಳೆಯದು ಕಣ್ಣಿಗೆ ಬೀಳುತ್ತಿತ್ತು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಕಾಲ ತಳ್ಳಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂದಿತ್ತು. ತಪ್ಪಿನ ಭಾರ ಹೆಚ್ಚಿದಷ್ಟೂ ಮಗು ತಿದ್ದಿಕೊಳ್ಳುತ್ತದೆ ಎಂಬ ನಮ್ಮ ನಂಬಿಕೆಗೆ ಇದು ತಿರುಗುಮುರುಗು. ಗಣಿತದಲ್ಲಿ ಅದುವರೆಗಿನ ನಕಲು ಬರಹದ ಬಾಕಿಯನ್ನೆಲ್ಲ ಬಿಟ್ಟುಬಿಡುತ್ತೇನೆ, ಇವತ್ತಿನ ದಿನಾಂಕ ಹಾಕಿ ಹೊಸ ಪುಟ ತೆಗೆಯಿರಿ ಎಂದೆ. ಮಕ್ಕಳು ಅದಕ್ಕೆ ತಾವಾಗಿಯೇ ‘ಸಾಲ ಮನ್ನಾ’ ಎಂದು ಹೆಸರಿಟ್ಟರು.

ಸ್ಟಾಫ್ ರೂಮಿನಲ್ಲಿ ಇದಕ್ಕೆ ಬಲವಾದ ವಿರೋಧ ಬಂತು. ದಿನವೂ ತಪ್ಪದೆ ಬರೆದು ತಂದ ಮಗುವಿಗೆ ಇದರಿಂದ ಅನ್ಯಾಯವಾಗುವುದಿಲ್ಲವೇ, ಒಮ್ಮೆ ಮನ್ನಾ ಮಾಡಿದರೆ ಇನ್ನೊಮ್ಮೆ ಮಾಡುತ್ತಾರೆಂದು ಕಾಯುವುದಿಲ್ಲವೇ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳು. ನಾನು ಬಿಟ್ಟದ್ದು ಬರವಣಿಗೆಯ ಬಾಕಿಯನ್ನು, ಕಲಿಕೆಯ ಬಾಕಿಯನ್ನಲ್ಲ. ಬಹುಪದೋಕ್ತಿಗಳ ಅಭ್ಯಾಸ ಬರೆಯದವನು ಪುಸ್ತಕ ತುಂಬಿಸಬೇಕಾಗಿಲ್ಲ, ಆದರೆ ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸಿ ತೋರಿಸಬೇಕು ಎಂಬ ಕರಾರಿತ್ತು. ಇನ್ನೊಂದು ಮನ್ನಾ ಆ ವರ್ಷ ಇಲ್ಲವೆಂಬುದನ್ನೂ ಅವತ್ತೇ ಹೇಳಿದ್ದೆ. ಆ ಹಿರಿಯರು ಕೊನೆಯವರೆಗೂ ಒಪ್ಪಲಿಲ್ಲ; ಅವರ ವಿಷಯದ ನೋಟ್ಸ್‌ಗಳನ್ನು ಮಕ್ಕಳು ನವೆಂಬರ್‌ವರೆಗೂ ಒಬ್ಬರದನ್ನೊಬ್ಬರು ನೋಡಿ ಬರೆಯುತ್ತಲೇ ಇದ್ದರು.

ವೇಳಾಪಟ್ಟಿಯ ಜಾಗಕ್ಕೆ ಏನು ತರುವುದೆಂಬ ಪ್ರಶ್ನೆಗೆ ಉತ್ತರ ಡೇರಿಯಿಂದ ಬಂತು. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ 1999ರ ಲೇಖನವೊಂದರಲ್ಲಿ, ‘ನಾನು ಓದುತ್ತೇನೆ’ ಎಂಬ ಬರಿಯ ಸಂಕಲ್ಪಕ್ಕಿಂತ ‘ಇಂಥದ್ದು ನಡೆದೊಡನೆ ನಾನು ಇಂಥದ್ದನ್ನು ಮಾಡುತ್ತೇನೆ’ ಎಂದು ಸಂದರ್ಭಕ್ಕೆ ಕಟ್ಟಿದ ಸಂಕಲ್ಪ ಹೆಚ್ಚು ಬಾರಿ ನೆರವೇರುತ್ತದೆ ಎಂದು ವಿವರಿಸಿದ್ದಾನೆ. ನಮ್ಮ ಊರುಗಳಲ್ಲಿ ಕರೆಂಟಿಗೆ ಹೊತ್ತಿಲ್ಲ, ಬಸ್ಸಿಗೆ ಹೊತ್ತಿಲ್ಲ. ಆದರೆ ಹಾಲಿನ ಡೇರಿಗೆ ಬೆಳಿಗ್ಗೆ ಮತ್ತು ಸಂಜೆ ತಪ್ಪದ ಹೊತ್ತಿದೆ, ತಡವಾದರೆ ಹಾಲು ವಾಪಸ್ ತರಬೇಕಾಗುತ್ತದೆ. ಹಾಗಾಗಿ ಹಸುವಿರುವ ಮನೆಯ ಮಕ್ಕಳು ‘ಡೇರಿಗೆ ಹಾಲು ಹಾಕಿ ಬಂದು ಕ್ಯಾನ್ ತೊಳೆದು ಇಟ್ಟ ಕೂಡಲೇ ಜಗಲಿಯಲ್ಲಿ ಕೂತು ಗಣಿತದ ಪುಸ್ತಕ ತೆಗೆದು ಎರಡನೇ ಸಾಲು ಬರೆಯುತ್ತೇನೆ’ ಎಂದು ಬರೆದರು. ಹಸುವಿಲ್ಲದವರಲ್ಲಿ ಒಬ್ಬಳು ಅಜ್ಜಿ ದೀಪ ಹಚ್ಚುವುದಕ್ಕೆ ಕಟ್ಟಿದಳು, ಒಬ್ಬ ಕ್ರಿಕೆಟ್ ಮುಗಿಸಿ ಕಾಲು ತೊಳೆಯುವುದಕ್ಕೆ ಕಟ್ಟಿದ. ಎಷ್ಟು ಹೊತ್ತು ಓದಬೇಕೆಂದು ನಾನು ಯಾರಿಗೂ ಹೇಳಲಿಲ್ಲ, ಎರಡನೆಯ ಸಾಲು ಬರೆದ ಮೇಲೆ ಏಳಬೇಕೆನಿಸಿದರೆ ಏಳಬಹುದು ಎಂದೆ. ಹೆಚ್ಚಿನವರು ಏಳುತ್ತಿರಲಿಲ್ಲ. ಕೂತು ಶುರುಮಾಡುವವರೆಗೆ ಇರುವ ಕಸಿವಿಸಿ ಶುರುವಾದ ಮೇಲೆ ಇರುವುದಿಲ್ಲ ಎಂಬುದನ್ನು ನಾನು ಹೇಳಿ ನಂಬಿಸಬೇಕಾಗಲಿಲ್ಲ. ಕ್ರಿಕೆಟ್ಟಿನ ಹುಡುಗನೊಬ್ಬನಿಗೆ ಮಾತ್ರ ಇದು ಹೊಂದಲಿಲ್ಲ, ಅವನ ಆಟ ಕತ್ತಲಾದರೂ ಮುಗಿಯುತ್ತಿರಲಿಲ್ಲ. ಕೊನೆಗೆ ಅವನು ಬೆಳಿಗ್ಗೆ ಬಸ್ಸಿಗೆ ಕಾಯುವ ಹೊತ್ತಿಗೆ ಬದಲಾಯಿಸಿಕೊಂಡ.

ಫೋನಿನ ಬಗ್ಗೆ ಎಲ್ಲರೂ ಉದ್ದುದ್ದ ಮಾತನಾಡುತ್ತಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಫೋನ್ ಇನ್ನೊಂದು ಕೋಣೆಯಲ್ಲಿದ್ದರೆ ಸಾಕು, ಅದನ್ನು ಕಸಿದುಕೊಳ್ಳಬೇಕಾಗಿಲ್ಲ. ಕಸಿದುಕೊಂಡ ಮನೆಗಳಲ್ಲಿ ಮಕ್ಕಳು ಅದನ್ನು ಹಿಂದಕ್ಕೆ ಪಡೆಯುವ ಉಪಾಯಗಳಲ್ಲಿಯೇ ಸಂಜೆ ಕಳೆದರು. ಪೋಷಕರ ಸಭೆಯಲ್ಲಿ ನಾನು ಕೇಳಿದ್ದು ಒಂದೇ. ಮಗು ಪುಸ್ತಕ ತೆಗೆದು ಕೂತ ಮೊದಲ ಕಾಲು ಗಂಟೆ ಟಿವಿ ಆರಿಸಿ, ಮಗುವಿನ ಹತ್ತಿರ ಎಲ್ಲಾದರೂ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ, ಓದು ಎಂದು ಹೇಳಬೇಡಿ. ‘ನಮಗೆ ಓದು ಬರಲ್ಲ, ಹತ್ರ ಕೂತು ಏನ್ಮಾಡಣ?’ ಎಂದು ಒಬ್ಬ ತಾಯಿ ಕೇಳಿದರು. ಅವರು ಮಗನ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದುದನ್ನು ನಾನು ಮನೆ ಭೇಟಿಗೆ ಹೋದಾಗ ಕಂಡೆ. ಹುಡುಗ ಬರೆಯುತ್ತಿದ್ದ, ಆ ತಾಯಿ ಮಧ್ಯೆ ಒಮ್ಮೆಯೂ ಅವನ ಪುಸ್ತಕದ ಕಡೆ ನೋಡಲಿಲ್ಲ. ಅಷ್ಟೇ ಬೇಕಾಗಿದ್ದದ್ದು.

ನಸುಕಿನ ಫೋನ್ ಕರೆಗಳ ಬಗ್ಗೆ ನನ್ನದು ಭಿನ್ನಾಭಿಪ್ರಾಯ. ಡಿಸೆಂಬರ್ ಬಂತೆಂದರೆ ನಮ್ಮ ಅನೇಕ ಶಾಲೆಗಳಲ್ಲಿ ಶಿಕ್ಷಕರು ಬೆಳಗಿನ ಐದು ಗಂಟೆಗೆ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುತ್ತಾರೆ. ಅದರ ಹಿಂದಿನ ಕಾಳಜಿ ದೊಡ್ಡದು. ಆದರೆ ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತೇ ಒಂದೆರಡು ಗಂಟೆ ಮುಂದಕ್ಕೆ ಹೋಗಿರುತ್ತದೆ, ಅದು ದೇಹದ ಗಡಿಯಾರದ ಬದಲಾವಣೆ, ಹಟವಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಹನ್ನೊಂದೂವರೆಗೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸಿದರೆ ಅದು ಪುಸ್ತಕದ ಮುಂದೆ ತೂಕಡಿಸುತ್ತದೆ, ತರಗತಿಯಲ್ಲಿ ತೂಕಡಿಸುತ್ತದೆ, ಸಂಜೆ ಹಿಡಿಸದ ಕೆಲಸವನ್ನು ಎದುರಿಸುವ ಶಕ್ತಿ ಉಳಿಯದೆ ಮತ್ತೆ ನಾಳೆಗೆ ತಳ್ಳುತ್ತದೆ. ನನ್ನ ಗುಂಪಿನವರಿಗೆ ನಾನು ಬೆಳಿಗ್ಗೆ ಫೋನ್ ಮಾಡಲಿಲ್ಲ. ಬದಲಿಗೆ ರಾತ್ರಿ ಹತ್ತರ ಒಳಗೆ ಪುಸ್ತಕ ಮುಚ್ಚಿ ಮಲಗುವಂತೆ ಮನೆಯವರಿಗೆ ಹೇಳಿದೆ. ಇದನ್ನು ಪಾಲಿಸಿದವರು ಅರ್ಧದಷ್ಟೂ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಕೆಲವರ ವಿಷಯದಲ್ಲಿ ಮುಂದೂಡುವಿಕೆ ಬೇರೆ ಯಾವುದರದೋ ಹೊದಿಕೆಯಾಗಿರುತ್ತದೆ, ಅದನ್ನು ಬೇಗ ಗುರುತಿಸುವುದು ಮುಖ್ಯ. ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದ ಒಬ್ಬ ಹುಡುಗ ಎರಡನೆಯ ಸಾಲನ್ನು ಎಂದೂ ಬರೆಯುತ್ತಿರಲಿಲ್ಲ. ಪದರೂಪದ ಲೆಕ್ಕವನ್ನು ಜೋರಾಗಿ ಓದಲು ಹೇಳಿದಾಗ ಗೊತ್ತಾಯಿತು, ಒತ್ತಕ್ಷರ ಬಂದಲ್ಲೆಲ್ಲ ಅವನು ನಿಲ್ಲುತ್ತಿದ್ದ, ಮುಂದಿನ ಪದವನ್ನು ಊಹಿಸುತ್ತಿದ್ದ. ಹತ್ತನೇ ತರಗತಿಯವರೆಗೆ ಅದನ್ನು ಯಾರಿಗೂ ತಿಳಿಯದಂತೆ ನಡೆಸಿಕೊಂಡು ಬರಲು ‘ನಾಳೆ ತರ್ತೀನಿ ಮಿಸ್’ ಎಂಬ ಮಾತು ಅವನಿಗೆ ಆಸರೆಯಾಗಿತ್ತು. ಅವನಿಗೆ ಬೇಕಾಗಿದ್ದದ್ದು ಕನ್ನಡ ಶಿಕ್ಷಕರ ಜೊತೆ ಪ್ರತಿದಿನ ಮಧ್ಯಾಹ್ನದ ಊಟದ ನಂತರದ ಸ್ವಲ್ಪ ಹೊತ್ತು. ಲೆಕ್ಕಗಳನ್ನು ನಾನು ಅವನಿಗೆ ಓದಿ ಹೇಳುತ್ತಿದ್ದೆ. ಇನ್ನೊಬ್ಬಳು ಎಲ್ಲ ಕೆಲಸವನ್ನೂ ಒಮ್ಮೆಗೇ ನಿಲ್ಲಿಸಿದ್ದಳು, ಗಣಿತವನ್ನಷ್ಟೇ ಅಲ್ಲ. ಗೆಳತಿಯರ ಜೊತೆ ಊಟಕ್ಕೆ ಕೂರುವುದನ್ನು, ತನಗೆ ಇಷ್ಟವಾದ ಕೊಕ್ಕೋ ಆಡುವುದನ್ನು ಕೂಡ. ಇದು ಸಾಲು ಬರೆಸುವುದರಿಂದ ಸರಿಹೋಗುವ ವಿಷಯವಲ್ಲವೆಂದು ತಿಳಿದು ಮನೆಯವರನ್ನು ಕರೆಸಿ, ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅವರ ಎದುರಿಗೇ ಕರೆ ಮಾಡಿಸಿದೆ. ಕನ್ನಡದಲ್ಲಿಯೇ ಮಾತನಾಡಿದರು, ಮುಂದೆ ಎಲ್ಲಿ ತೋರಿಸಬೇಕೆಂದು ಹೇಳಿದರು. ಅವಳ ಗಣಿತದ ಬಾಕಿ ಆ ವರ್ಷ ನನ್ನ ಚಿಂತೆಯ ಪಟ್ಟಿಯಲ್ಲಿ ಕೊನೆಗೆ ಹೋಯಿತು.

ಜನವರಿಯಿಂದ ನಾನು ಹಿಂದೆ ಸರಿಯಲು ಆರಂಭಿಸಿದೆ. ನನ್ನ ಕಣ್ಣೆದುರು ಮಾತ್ರ ಬರೆಯುವ ಮಗು ಪಿಯುಸಿಗೆ ಹೋದ ದಿನವೇ ಮತ್ತೆ ಹಳೆಯ ದಾರಿ ಹಿಡಿಯುತ್ತದೆ. ಮೊದಲ ಸಾಲನ್ನು ತರಗತಿಯಲ್ಲಿ ಬರೆಸುವುದನ್ನು ನಿಲ್ಲಿಸಿ, ಕಷ್ಟವಾದ ಲೆಕ್ಕದಲ್ಲಿ ಮೊದಲ ಸಾಲು ಯಾವುದೆಂದು ಅವರೇ ಹುಡುಕಿ ಪಕ್ಕದವರಿಗೆ ಹೇಳಬೇಕು ಎಂದು ಬದಲಾಯಿಸಿದೆ. ನನಗೆ ತೋರಿಸುವ ಬದಲು ಇಬ್ಬಿಬ್ಬರು ಜೊತೆಯಾಗಿ ಒಬ್ಬರದನ್ನೊಬ್ಬರು ನೋಡುವುದು ಶುರುವಾಯಿತು. ಇದರಲ್ಲಿ ಮೊದಲ ದಿನಗಳಲ್ಲಿ ಕುಸಿತ ಕಂಡಿತು; ಕೆಲವು ಜೋಡಿಗಳು ಸೇರಿಕೊಂಡು ಮುಂದೂಡತೊಡಗಿದವು. ಜೋಡಿಗಳನ್ನು ಬದಲಾಯಿಸಿದೆ, ಗೆಳೆಯರಲ್ಲದವರನ್ನು ಒಟ್ಟಿಗೆ ಕೂರಿಸಿದೆ. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಕೆಲವರಲ್ಲಿ ಹತೋಟಿ ಕಾಣತೊಡಗಿತು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಅವರಲ್ಲಿ ಪೂರ್ತಿ ಹೋಗಿತ್ತೆಂದು ಹೇಳಲಾರೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಅವರು ತೆರೆದ ಪುಸ್ತಕದಲ್ಲಿ ಅವರದೇ ಕೈಬರಹದ ಲೆಕ್ಕಗಳಿದ್ದವು.

ಸ್ಕೆಚ್ ಪೆನ್ನಿನ ಹುಡುಗ ಸಮೀಕ್ಷೆಯನ್ನು ಮುಗಿಸಿ ತಂದ, ಇಡೀ ಬೀದಿಯ ಮನೆಗಳು ಅದರಲ್ಲಿದ್ದವು. ಹಾಳೆ ಹರಿಯುವ ಹುಡುಗಿ ಹರಿಯುವುದನ್ನು ನಿಲ್ಲಿಸಿದಳು, ಹೊಡೆದು ಬರೆದ ಪುಟ ತೋರಿಸುವಾಗ ಮುಖ ಮಾತ್ರ ಇಂದಿಗೂ ಕೆಂಪಾಗುತ್ತದೆಂದು ಅವಳ ತಂಗಿ ಹೇಳುತ್ತಾಳೆ. ಕ್ರಿಕೆಟ್ಟಿನವನು ಬದಲಾಗಲಿಲ್ಲ, ಕಡೆಯ ವಾರ ರಾತ್ರಿಯಿಡೀ ಕೂತು ಪಾಸಾದ, ಆ ಪಾಸು ಅವನಿಗೆ ತಾನೇ ಸರಿಯೆಂದು ತೋರಿಸಿಕೊಟ್ಟಿತು, ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈ ಸಾಲಿನಲ್ಲಿ ನಾನು ಕೊನೆಯ ಹತ್ತು ನಿಮಿಷದ ಕ್ರಮವನ್ನು ಎಂಟನೇ ತರಗತಿಗೇ ತಂದಿದ್ದೇನೆ, ಅಲ್ಲಿ ಬಾಕಿ ಇನ್ನೂ ಬೆಳೆದಿರುವುದಿಲ್ಲ, ಮನ್ನಾ ಮಾಡುವ ಪ್ರಮೇಯವೂ ಬರುವುದಿಲ್ಲ. ಒಂಬತ್ತನೆಯವರಿಗೆ ಜೂನ್‌ನಲ್ಲಿಯೇ ಜೋರಾಗಿ ಓದಿಸಿ ನೋಡುವುದನ್ನು ಕನ್ನಡ ಶಿಕ್ಷಕರು ಒಪ್ಪಿಕೊಂಡಿದ್ದಾರೆ. ಬೆಳಗಿನ ಐದು ಗಂಟೆಯ ಕರೆಗಳ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ವಾದ ಇನ್ನೂ ನಡೆದಿದೆ.